ಸಹಾಯ ಬೇಕು: ಎರಡು ಕ್ಲೇಮ್ ಆದ ಲಾರಿಗೆ ಪೂರ್ಣ ವಿಮೆ

ಗುಂಪಿನ ಹಿರಿಯರಿಗೂ ಲಾರಿ ಮಾಲೀಕ ಮಿತ್ರರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಹುಲಿಕಲ್ ಘಾಟಿಯ ಮೂಲಕ ಕುಂದಾಪುರಕ್ಕೆ ಅಡಿಕೆ ಸಾಗಿಸುವ ನನ್ನ ಲಾರಿ ಕಳೆದ ಮಳೆಗಾಲದಲ್ಲಿ ತಿರುವಿನಲ್ಲಿ ಜಾರಿ ಚರಂಡಿಗಿಳಿದು, ಕೆಲವೇ ತಿಂಗಳಲ್ಲಿ ಮತ್ತೆ ಮುಂಭಾಗ ಜಖಂಗೊಂಡದ್ದರಿಂದ ಒಂದೇ ವರ್ಷದಲ್ಲಿ ಎರಡು ಕ್ಲೇಮ್ ಪಡೆಯಬೇಕಾಯಿತು.

ನೋ ಕ್ಲೇಮ್ ಬೋನಸ್ (ಕ್ಲೇಮ್ ಪಡೆಯದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಹೋಯಿತು, ಅದು ನ್ಯಾಯವೇ. ಆದರೆ ನವೀಕರಣಕ್ಕೆ ಒಂದು ಕಂಪನಿ ಸ್ವಂತ ಹಾನಿಯ (ನಮ್ಮ ಲಾರಿಗೇ ಆಗುವ ಹಾನಿಯ) ಪ್ರೀಮಿಯಂ ವಿಪರೀತ ಏರಿಸಿದೆ. ಇನ್ನೊಂದು ಥರ್ಡ್ ಪಾರ್ಟಿ ವಿಮೆ (ಬೇರೆಯವರಿಗಾಗುವ ಹಾನಿಗೆ ಮಾತ್ರ ಅನ್ವಯಿಸುವುದು) ಮಾತ್ರ ಕೊಡುತ್ತೇವೆ ಎನ್ನುತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯಡಿ ಕಡ್ಡಾಯವಾದ ಆ ವಿಮೆಯ ದರವನ್ನು ಸರ್ಕಾರವೇ ನಿಗದಿಪಡಿಸುವುದರಿಂದ ಅದರ ಚಿಂತೆಯಿಲ್ಲ. ಆದರೆ ಸಾಲ ತೀರದ ಲಾರಿಗೆ ಫೈನಾನ್ಸ್‌ನವರು ಸ್ವಂತ ಹಾನಿಯೂ ಸೇರಿದ ಪೂರ್ಣ ವಿಮೆಯನ್ನೇ ಕೇಳುತ್ತಿದ್ದಾರೆ.

ದುರಸ್ತಿಯ ಬಿಲ್ಲು, ಹೊಸ ಟೈರಿನ ರಸೀದಿ, ಜಿಪಿಎಸ್ ದಾಖಲೆ ತೋರಿಸಿ ಪ್ರೀಮಿಯಂ ತಗ್ಗಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಳೆಯ ಕ್ಲೇಮ್ ಮುಚ್ಚಿಡುವ ಸಲಹೆ ಮಾತ್ರ ಬೇಡ. ಪಾಲಿಸಿ ಮುಗಿಯಲು ಹನ್ನೊಂದೇ ದಿನ ಉಳಿದಿದೆ.