ಕೊಲೆಗಾರ ನಿಧಾನಕ್ಕೆ ನಡೆದರೆ ಭಯ ಬರುತ್ತಿಲ್ಲ, ನಗು ಬರುತ್ತಿದೆ. ಎಷ್ಟು ಸ್ಪೀಡ್ ಇಡಲಿ?

ಕತ್ತಲೆಕೋಣೆ:
ಜಯನಗರದ ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಶಾರ್ಟ್ ಫಿಲ್ಮ್ ಶೂಟ್ ಮಾಡಿದ್ದೇವೆ. ಮುಖವಾಡದ ಕೊಲೆಗಾರ ಹುಡುಗಿಯ ಹಿಂದೆ ನಿಧಾನವಾಗಿ ನಡೆದು ಬರುತ್ತಾನೆ. ಓಡುವುದೇ ಇಲ್ಲ. ಸ್ಕ್ರಿಪ್ಟ್ ಓದಿದಾಗ ಎಲ್ಲರಿಗೂ ಮೈ ಜುಮ್ಮೆಂದಿತ್ತು. ಈಗ ಎಡಿಟ್ ನೋಡಿದರೆ ಆಸಾಮಿ ಬೆಳಿಗ್ಗೆ ಹಾಲಿನ ಬೂತಿಗೆ ಹೊರಟ ಹಾಗಿದ್ದಾನೆ. ಸ್ಪೀಡ್ 80 ಪರ್ಸೆಂಟ್ ಮಾಡಿ ನೋಡಿದೆ, 120 ಮಾಡಿ ನೋಡಿದೆ. ಎರಡೂ ಕೆಟ್ಟದಾಗಿವೆ. ಎಷ್ಟಿಡಬೇಕು ಹೇಳಿ. ಕಥೆ ಸರಿಯಿಲ್ಲ ಅಂತ ಮಾತ್ರ ಹೇಳಬೇಡಿ, ತಲೆ ಕೆಟ್ಟಿದೆ.

ಲೆನ್ಸ್ ಲೋಕಿ:
ಲೆನ್ಸ್ ಯಾವುದು? ವೈಡ್ ಹಾಕಿರ್ತೀರಿ. 85 ಎಂಎಂ ಲೆನ್ಸ್ ಹಾಕಿ, ದೂರದಿಂದ ತೆಗೆಯಿರಿ. ಅವನು ನಡೆಯುತ್ತಲೇ ಇರುತ್ತಾನೆ, ಹತ್ತಿರ ಬಂದ ಹಾಗೇ ಕಾಣಲ್ಲ. ಭಯ ತಾನಾಗೇ ಬರುತ್ತೆ.

ಎಡಿಟರಮ್ಮ:
ಅದು ಲೆನ್ಸಿನ ಮಹಿಮೆ ಅಲ್ಲ, ಕ್ಯಾಮೆರಾ ಎಷ್ಟು ದೂರ ಇಟ್ಟಿದ್ದೀರಿ ಅನ್ನೋದರದ್ದು. 8 ಅಡಿ ದೂರದಲ್ಲಿದ್ದವನು 4 ಅಡಿಗೆ ಬಂದರೆ ಎರಡರಷ್ಟು ದೊಡ್ಡದಾಗಿ ಕಾಣುತ್ತಾನೆ. 40ರಿಂದ 36ಕ್ಕೆ ಬಂದರೆ ಗೊತ್ತೇ ಆಗಲ್ಲ. ಇರಲಿ, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಫ್ರೇಮ್ ಎಷ್ಟು? 25ರಲ್ಲಿ ತೆಗೆದದ್ದನ್ನು ಸುಮ್ನೆ 80ಕ್ಕೆ ಇಳಿಸಿದರೆ ನಾಲ್ಕರಲ್ಲಿ ಒಂದು ಫ್ರೇಮ್ ಎರಡು ಸಲ ಬರುತ್ತದೆ. ಹೆಜ್ಜೆ ತಡವರಿಸುತ್ತದೆ.

ಕತ್ತಲೆಕೋಣೆ:
25 ಎಫ್‌ಪಿಎಸ್ಸೇ ಮೇಡಂ. ಟ್ಯೂಬ್‌ಲೈಟ್ ಫ್ಲಿಕರ್ ಬರಬಾರದು ಅಂತ ಶಟರ್ 1/50. ಲೆನ್ಸ್ 35. ಇದನ್ನೆಲ್ಲ ಬೇರೆ ಹೇಳಬೇಕಾ?

ಲೆನ್ಸ್ ಲೋಕಿ:
35! ನಾನು ಹೇಳಲಿಲ್ವಾ? 85 ಹಾಕಿ.

ಮಾರ್ನಿಂಗ್ ಶೋ:
1978ರ ಹಾರರ್ ಸಿನಿಮಾ 'ಹ್ಯಾಲೋವೀನ್' ನೋಡಿ ಗುರು. ಕೊಲೆಗಾರನ ಮುಖವಾಡ ಹಾಕಿದ್ದ ನಿಕ್ ಕ್ಯಾಸಲ್ ಏನು ಮಾಡಲಿ ಅಂದರೆ, ಡೈರೆಕ್ಟರ್ ಜಾನ್ ಕಾರ್ಪೆಂಟರ್ ಸುಮ್ನೆ ನಡಿ ಅಂದರಂತೆ. ಅಷ್ಟೇ ನಟನೆ. 'ಫ್ರೈಡೇ ದಿ ಥರ್ಟೀನ್ತ್' ಸಿನಿಮಾಗಳ ಕೊಲೆಗಾರ ಜೇಸನ್ ಕೂಡ ಹಾಗೇ, ಓಡಿದವನೇ ಅಲ್ಲ.

ಗಿಂಬಲ್ ಗಿರಿ:
ತಪ್ಪು. 1981ರ 'ಫ್ರೈಡೇ ದಿ ಥರ್ಟೀನ್ತ್' ಎರಡನೇ ಭಾಗದಲ್ಲಿ ಓಡುತ್ತಾನೆ. ಆಗ ತಲೆಗೆ ಬಟ್ಟೆ ಚೀಲ. ಹಾಕಿ ಆಟಗಾರರ ಮಾಸ್ಕ್ ಬಂದದ್ದು 1982ರ ಮೂರನೇ ಭಾಗದಲ್ಲಿ. 1974ರ 'ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಲೆದರ್‌ಫೇಸ್ ಅಂತೂ ಗರಗಸ ಹಿಡಿದು ಓಡಿಕೊಂಡೇ ಬರುತ್ತಾನೆ. ಯಾರಿಗೆ ನಗು ಬಂತು?

ಮಾರ್ನಿಂಗ್ ಶೋ:
ಜನಕ್ಕೆ ನೆನಪಿರೋದು ಅವನ ನಡಿಗೆ.

ಗಿಂಬಲ್ ಗಿರಿ:
ಜನರ ನೆನಪು ಬೇರೆ, ಸಿನಿಮಾದಲ್ಲಿರೋದು ಬೇರೆ. ಅಂದ ಹಾಗೆ 'ಹ್ಯಾಲೋವೀನ್' ಓಪನಿಂಗ್ ಪ್ಯಾನಾಗ್ಲೈಡಿನಲ್ಲಿ, ಅಂದರೆ ಮೈಗೆ ಕಟ್ಟಿಕೊಂಡು ಅಲುಗದ ಹಾಗೆ ನಡೆಸುವ ಕ್ಯಾಮೆರಾದಲ್ಲಿ ತೆಗೆದದ್ದು. ನಡಿಗೆ ಅಂದ ಮೇಲೆ ಕ್ಯಾಮೆರಾನೂ ತೇಲಬೇಕು. ಕ್ಯಾಮೆರಾ ಅಲುಗಾಟ ತಡೆಯೋ ಹೊಸ ಗಿಂಬಲ್ ಒಂದು ತಗೊಂಡಿದ್ದೇನೆ. ಮೇಲೆ ಮಾನಿಟರ್, ವೈರ್‌ಲೆಸ್ ಫೋಕಸ್. ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಟೆಸ್ಟ್ ಮಾಡಿದೆ, ಒಂದು ಚೂರೂ ಅಲ್ಲಾಡಲಿಲ್ಲ. ಫೋಟೋ ಹಾಕ್ತೀನಿ ಇರಿ.

ಟ್ರೈಪಾಡ್ ತಾತ:
ಅವನು ನಡೆದು ಬರುವಾಗ ಹುಡುಗಿ ಏನು ಮಾಡುತ್ತಿರುತ್ತಾಳಪ್ಪ?

ಕತ್ತಲೆಕೋಣೆ:
ಓಡ್ತಾಳೆ ಸರ್, ಇನ್ನೇನು ಮಾಡ್ತಾಳೆ? ರ‍್ಯಾಂಪ್ ಹತ್ತಿ ಹೊರಗೆ ಓಡ್ತಾಳೆ. ಚೆನ್ನಾಗಿ ಓಡ್ತಾಳೆ, ಕಾಲೇಜಿನಲ್ಲಿ ಅಥ್ಲೀಟ್.

ಟ್ರೈಪಾಡ್ ತಾತ:
ಅಲ್ಲೇ ಇದೆ ನೋಡಿ. ಅವಳು ಓಡುತ್ತಾಳೆ, ಇವನು ನಡೆಯುತ್ತಾನೆ, ಮುಂದೆ ದಾರಿ ಖಾಲಿ. ಅವಳು ಪಾರಾದಳು ಅಂತ ನೋಡುವವರು ಆಗಲೇ ಲೆಕ್ಕ ಹಾಕಿ ಬಿಡ್ತಾರೆ. ಆಮೇಲೆ ಅವನು ಯಾವ ಸ್ಪೀಡಲ್ಲಿ ಬಂದರೇನು? 'ಹ್ಯಾಲೋವೀನ್'ನಲ್ಲಿ ಲಾರಿ ಅನ್ನೋ ನಾಯಕಿ ಮನೆ ಬಾಗಿಲಿಗೆ ಬಂದಾಗ ಕೀ ಇಲ್ಲ. ಬಾಗಿಲು ಬಡಿಯುತ್ತಾಳೆ, ಒಳಗೆ ಮಲಗಿರುವ ಹುಡುಗ ಎದ್ದು ಬರಬೇಕು. ಆ ಕಡೆ ಕೊಲೆಗಾರ ಅದೇ ನಡಿಗೆಯಲ್ಲಿ ಬೀದಿ ದಾಟುತ್ತಿದ್ದಾನೆ. ಎಷ್ಟು ದೂರ ಉಳಿದಿದೆ ಅಂತ ನಮಗೆ ಕಾಣುತ್ತಿದೆ. ಹುಡುಗ ಯಾವಾಗ ಬರುತ್ತಾನೋ ಗೊತ್ತಿಲ್ಲ.

ನಿಮ್ಮ ಬೇಸ್‌ಮೆಂಟಿನಲ್ಲಿ ಲಿಫ್ಟ್ ಇರುತ್ತಲ್ಲ? ರ‍್ಯಾಂಪಿನ ಗೇಟಿಗೆ ಬೀಗ ಹಾಕಿಸಿ, ಅವಳನ್ನು ಲಿಫ್ಟ್ ಮುಂದೆ ತಂದು ನಿಲ್ಲಿಸಿ. ಕೆಂಪು ಅಂಕಿ 7 ತೋರಿಸುತ್ತಿದೆ. 6 ಆಯಿತು. 6ರಲ್ಲೇ ನಿಂತಿತು, ಮೇಲೆ ಯಾರೋ ಸಾಮಾನು ತುಂಬುತ್ತಿರಬೇಕು. ಅದೇ ಫ್ರೇಮಿನಲ್ಲಿ ಹಿಂದೆ ಅವನು ಒಂದೊಂದೇ ಪಿಲ್ಲರ್ ದಾಟಿ ಬರಲಿ. ಕಟ್ ಬೇಡ. ಸ್ಪೀಡ್ 100.

ಎಡಿಟರಮ್ಮ:
ಸೂಪರ್ ತಾತ. ಪಿಲ್ಲರ್ ಮೇಲೆ ನಂಬರ್ ಬರೆದಿರುತ್ತಾರೆ, ಅದೂ ಕಾಣಲಿ. ಹೆಜ್ಜೆ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿ, ಕೊನೆವರೆಗೂ ಒಂದೇ ಲಯ. ಅವಳು ಬಟನ್ ಒತ್ತೋದು ಮಾತ್ರ ಜಾಸ್ತಿ ಆಗುತ್ತಾ ಹೋಗಲಿ. ಮ್ಯೂಸಿಕ್ ಹಾಕಲೇಬೇಕಾದರೆ ಹೆಜ್ಜೆಗೆ ಹೊಂದಿಸಬೇಡಿ. 'ಹ್ಯಾಲೋವೀನ್'ಗೆ ಕಾರ್ಪೆಂಟರ್ ಮಾಡಿದ ಥೀಮ್ ಮ್ಯೂಸಿಕ್ 5/4, ನಮ್ಮ ಖಂಡ ಚಾಪಿನ ಹಾಗೆ ಐದರ ಲೆಕ್ಕ. ಎರಡು ಕಾಲಿನ ನಡಿಗೆಗೆ ಅದು ಕೂರೋದೇ ಇಲ್ಲ.

ಲೆನ್ಸ್ ಲೋಕಿ:
ಈ ಶಾಟಿಗಂತೂ 85 ಬೇಕೇ ಬೇಕು. ಪಿಲ್ಲರ್‌ಗಳು ಒತ್ತೊತ್ತಾಗಿ ಕಾಣುತ್ತವೆ.

ಟ್ರೈಪಾಡ್ ತಾತ:
ಒತ್ತಾದರೆ ದೂರ ಲೆಕ್ಕಕ್ಕೆ ಸಿಗಲ್ಲ. 35 ಸಾಕು.

ಲೆನ್ಸ್ ಲೋಕಿ:
ಒಪ್ಪಲ್ಲ.

ಕತ್ತಲೆಕೋಣೆ:
ಲಿಫ್ಟ್ ತಡೆದು ನಿಲ್ಲಿಸೋಕೆ ಅಸೋಸಿಯೇಷನ್ ಸೆಕ್ರೆಟರಿಯನ್ನು ಕೇಳಬೇಕು. ರಾತ್ರಿ 11ರ ಮೇಲೆ ಬಿಟ್ಟರೂ ಬಿಡಬಹುದು. ಹುಡುಗಿಗೆ ಪರೀಕ್ಷೆ ಬೇರೆ ಶುರುವಾಗಿದೆ. ನೋಡ್ತೀನಿ.

ಗಿಂಬಲ್ ಗಿರಿ:
85 ಎಫ್ 1.4 ನನ್ನ ಹತ್ತಿರ ಇದೆ. ಬಾಡಿಗೆ ಬೇಡ, ಟೈಟಲ್ಸ್‌ನಲ್ಲಿ ಹೆಸರು ಹಾಕಿ ಸಾಕು.

ಮಾರ್ನಿಂಗ್ ಶೋ:
ಗಿರಿ, ಕಬ್ಬನ್ ಪಾರ್ಕಲ್ಲಿ ಅಷ್ಟು ದೊಡ್ಡ ಗಿಂಬಲ್ ಹಿಡಿದು ಓಡಾಡೋಕೆ ಪರ್ಮಿಷನ್ ತಗೊಂಡಿದ್ರಾ?