ದುಃಖದಲ್ಲಿರುವ ತಂದೆಯನ್ನು ಬಿಟ್ಟು ದೂರ ಪ್ರಯಾಣಕ್ಕೆ ಹೊರಡಬಹುದೇ?

ಪ್ರಶ್ನೆ (ಕಲಬುರಗಿಯ ಯುವಕ, 24 ವರ್ಷ):

ನನ್ನ ತಂದೆಯವರು ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಘಟಕವೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಅವ್ವನಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಸೊಲ್ಲಾಪುರ, ಹೈದರಾಬಾದ್ ಎಂದು ಆಸ್ಪತ್ರೆಗಳಿಗೆ ಓಡಾಡಬೇಕಾಗಿ ಬಂದದ್ದರಿಂದ ಆ ಕೆಲಸವನ್ನು ಬಿಟ್ಟರು. ಖಾಸಗಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಅವ್ವ ಕಳೆದ ವರ್ಷ ಶ್ರಾವಣಕ್ಕೆ ಮೊದಲೇ ತೀರಿಕೊಂಡಳು. ಅಂದಿನಿಂದ ತಂದೆಯವರು ಮನೆಯಿಂದ ಹೊರಗೆ ಬರುವುದೇ ಅಪರೂಪವಾಗಿದೆ. ನಾನು ರೊಟ್ಟಿ ತಟ್ಟಿ ಮುಂದಿಟ್ಟರೆ ಉಣ್ಣುತ್ತಾರೆ, ಇಡದಿದ್ದರೆ ಕೇಳುವುದಿಲ್ಲ. ಅವ್ವ ತಿದ್ದಲು ತಂದಿದ್ದ ಮಕ್ಕಳ ನೋಟ್‌ಬುಕ್ಕುಗಳ ಕಟ್ಟು ಕಪಾಟಿನಲ್ಲಿ ಹಾಗೆಯೇ ಇದ್ದು, ಅದನ್ನು ಶಾಲೆಗೆ ಹಿಂದಿರುಗಿಸಲು ಅವರು ಬಿಡುತ್ತಿಲ್ಲ.

ನಾನು ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ನಡೆಯುವುದೂ ಚಿಕಿತ್ಸೆಗೆ ಮಾಡಿದ ಸಾಲ ತೀರುವುದೂ ಆ ಸಂಬಳದಿಂದಲೇ. ಹೀಗಿದ್ದರೂ ನನ್ನೊಳಗೆ ಒಂದು ಆಸೆ ಬಹಳ ಕಾಲದಿಂದ ಕುಳಿತಿದೆ. ಕಾಲೇಜಿನ ದಿನಗಳಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿದ್ದೆ. ಅಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಸೋಕೋ’ ಎಂಬ ಬರಹದೊಂದಿಗೆ ಅವನ ಉಬ್ಬುಶಿಲ್ಪವೇ ಸಿಕ್ಕಿತು. ಭೀಮಾ ದಂಡೆಯ ಆ ಕಲ್ಲುಗಳನ್ನು ಕಂಡ ಮೇಲೆ ಸಾಂಚಿಯನ್ನೂ, ಅಲ್ಲಿಂದ ಮುಂದೆ ಹಿಮಾಲಯದ ಸ್ಪಿತಿ ಕಣಿವೆಯಲ್ಲಿ 996ರಲ್ಲಿ ಸ್ಥಾಪನೆಯಾದ ತಾಬೋ ಬೌದ್ಧ ವಿಹಾರವನ್ನೂ ಒಬ್ಬನೇ ನಿಧಾನವಾಗಿ ನೋಡಿಬರಬೇಕೆಂಬ ಹಂಬಲ ಹುಟ್ಟಿತು.

ಬಂಧುಗಳು ‘ಮೊದಲು ಮದುವೆ ಮಾಡಿಕೊ, ಮನೆಗೆ ಸೊಸೆ ಬಂದರೆ ನಿಮ್ಮಪ್ಪ ತಾನೇ ಸುಧಾರಿಸುತ್ತಾನೆ’ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಪ್ರಯಾಣದ ಯೋಚನೆ ಮಾಡುವುದೇ ತಪ್ಪೇ? ತಪ್ಪಲ್ಲವಾದರೆ, ಹೊರಡುವ ಮೊದಲು ಏನೇನು ಸರಿಪಡಿಸಬೇಕು?

ಉತ್ತರ 1 (ಭವಿಷ್ಯ ನಿಧಿ ವ್ಯವಹಾರ ಬಲ್ಲವರು, ಕಲಬುರಗಿ):

ಸರಿಯೋ ತಪ್ಪೋ ಎಂಬುದನ್ನು ಇತರರು ಹೇಳಲಿ. ನಿಮ್ಮ ತಾಯಿಯವರ ಹೆಸರಿನಲ್ಲಿ ಬರಬೇಕಾದ ಹಣ ಬಂದಿದೆಯೇ ಎಂಬುದನ್ನು ನಾನು ಮೊದಲು ಕೇಳುತ್ತೇನೆ, ಏಕೆಂದರೆ ದುಃಖದ ಮನೆಗಳಲ್ಲಿ ಅನೇಕ ಸಲ ಈ ಕಾಗದಗಳೇ ಮರೆತುಹೋಗುತ್ತವೆ.

ಶಾಲೆಯಲ್ಲಿ ಅವರಿಗೆ ಪಿಎಫ್ (ಭವಿಷ್ಯ ನಿಧಿ) ಕಡಿತವಾಗುತ್ತಿದ್ದರೆ ನೋಡಬೇಕಾದ ವಿಷಯಗಳು ಮೂರು. ಅವರ ಖಾತೆಯಲ್ಲಿ ಉಳಿದ ಹಣವು ನಾಮಿನಿಗೆ ಸೇರುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡ ಸದಸ್ಯರ ಪತಿ ಅಥವಾ ಪತ್ನಿಗೆ 1995ರ ಪಿಂಚಣಿ ಯೋಜನೆಯಡಿ ತಿಂಗಳ ಪಿಂಚಣಿ ಸಿಗುತ್ತದೆ. ಹೆಂಡತಿಯ ಪಿಂಚಣಿ ಗಂಡನಿಗೆ ಬರುವುದಿಲ್ಲವೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ, ಆದರೆ ಅದು ಬರುತ್ತದೆ. ಮಕ್ಕಳಿಗೂ 25 ವರ್ಷ ತುಂಬುವವರೆಗೆ ಒಂದು ಪಾಲು ಇರುವುದರಿಂದ, 24ರಲ್ಲಿರುವ ನೀವು ಈ ಅರ್ಜಿಯನ್ನು ತಡಮಾಡದೆ ಹಾಕಬೇಕು. ಮೂರನೆಯದು ಪಿಎಫ್ ಸದಸ್ಯರಿಗಿರುವ ಇಡಿಎಲ್‌ಐ ಎಂಬ ಜೀವ ವಿಮೆ. ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಕಾಯಿಲೆಯ ರಜೆಯಲ್ಲಿದ್ದಾಗ ಅವರ ಹೆಸರು ಶಾಲೆಯ ಹಾಜರಿ ಪಟ್ಟಿಯಲ್ಲಿ ಉಳಿದಿತ್ತೇ, ಇಲ್ಲವೇ ಎಂಬುದರ ಮೇಲೆ ಇದರ ಅರ್ಹತೆ ನಿಂತಿದೆ. ಆದ್ದರಿಂದ ಶಾಲೆಯವರಿಂದ ಅದನ್ನು ಬರಹದಲ್ಲಿ ಪಡೆಯಿರಿ. ಈ ಮೂರಕ್ಕೆ ಕ್ರಮವಾಗಿ ನಮೂನೆ 20, 10-ಡಿ ಮತ್ತು 5-ಐಎಫ್ ಎಂದು ಕೇಳಿದರೆ ಕಚೇರಿಯಲ್ಲಿ ಅರ್ಥವಾಗುತ್ತದೆ.

ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ಕೊನೆಯ ಸುಮಾರಿಗೆ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಹಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯಾಗಿದ್ದು, ಅದರಿಂದ 2 ಲಕ್ಷ ರೂಪಾಯಿ ಬರಬೇಕಾಗುತ್ತದೆ. ಸಾಲದ ಭಾರ ಇಷ್ಟರಿಂದಲೇ ಇಳಿಯಬಹುದು. ಒಂದು ಮಾತು ಮಾತ್ರ ನೆನಪಿರಲಿ: ಈ ಕೆಲಸಗಳನ್ನೆಲ್ಲ ನೀವೇ ಮಾಡಿ ಮುಗಿಸಬೇಡಿ. ಅರ್ಜಿದಾರರು ನಿಮ್ಮ ತಂದೆಯೇ ಆಗಿರುವುದರಿಂದ ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ. ಹೆಂಡತಿ ದುಡಿದದ್ದನ್ನು ಮನೆಗೆ ತರುವ ಹೊಣೆ ಅವರದಾಗಲಿ.

ಉತ್ತರ 2 (ಬೀದರ್‌ನ ಶಿಕ್ಷಕಿ):

ನನ್ನ ತಂದೆ ಹೋದ ಮೇಲೆ ತಾಯಿಯನ್ನು ನೋಡಿಕೊಂಡವಳು ನಾನು. ನೀವು ಬರೆದಿರುವುದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು, ಮುಂದಿಡದಿದ್ದರೆ ಅವರು ಊಟವನ್ನೇ ಕೇಳದಿರುವ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯು, ಆರು ತಿಂಗಳು ಕಳೆದ ಮೇಲೂ ತೀವ್ರವಾಗಿ ಮುಂದುವರಿದು ದಿನನಿತ್ಯದ ಬದುಕನ್ನೇ ನಿಲ್ಲಿಸುವ ಶೋಕವನ್ನು ಚಿಕಿತ್ಸೆ ಬೇಕಾದ ಒಂದು ಸ್ಥಿತಿಯೆಂದು ಗುರುತಿಸುತ್ತದೆ. ನಿಮ್ಮ ತಂದೆಯವರದು ಅದೇ ಎಂದು ನಾನು ಹೇಳಲಾರೆ, ವೈದ್ಯರು ಹೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಆರೈಕೆ ಮಾಡುವವರೂ ಮಾತನಾಡಬಹುದು. ಮೊದಲ ಕರೆ ನಿಮ್ಮದೇ ಆಗಲಿ, ಏಕೆಂದರೆ ಸತ್ತದ್ದು ನಿಮ್ಮ ತಾಯಿ ಕೂಡ, ಮತ್ತು ನಿಮ್ಮ ಪತ್ರದಲ್ಲಿ ನಿಮ್ಮ ದುಃಖದ ಬಗ್ಗೆ ಒಂದು ಸಾಲೂ ಇಲ್ಲ.

ಆ ನೋಟ್‌ಬುಕ್ಕುಗಳ ವಿಷಯದಲ್ಲಿ ಅವಸರ ಮಾಡಬೇಡಿ. ಆ ಮಕ್ಕಳು ಮುಂದಿನ ತರಗತಿಗೆ ಹೋಗಿಯಾಗಿದೆ, ಅವುಗಳಿಗಾಗಿ ಯಾರೂ ಕಾಯುತ್ತಿಲ್ಲ.

ಮದುವೆಯ ಸಲಹೆಗೆ ಮಾತ್ರ ನನ್ನ ಸ್ಪಷ್ಟ ವಿರೋಧವಿದೆ. ಮಾವನಿಗೆ ರೊಟ್ಟಿ ತಟ್ಟುವುದಕ್ಕೂ ಮನೆಯ ಮೌನವನ್ನು ಮುರಿಯುವುದಕ್ಕೂ ಎಂದು ಒಬ್ಬ ಹುಡುಗಿಯನ್ನು ತಂದರೆ, ಈಗ ನಿಮ್ಮೊಬ್ಬರ ಮೇಲಿರುವ ಭಾರವನ್ನು ಏನೂ ಅರಿಯದ ಇನ್ನೊಬ್ಬಳ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ಮದುವೆಯಾಗುವುದಾದರೆ ನಿಮ್ಮ ಮನಸ್ಸಿಗೆ ಬಂದಾಗ, ನಿಮ್ಮ ಕಾರಣಕ್ಕಾಗಿ ಆಗಿ.

ಉತ್ತರ 3 (ಯಾದಗಿರಿಯ ನಿವೃತ್ತ ನೌಕರರು):

ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಬಾರದೇಕೆ? ಗಾಣಗಾಪುರ, ಬಸವಕಲ್ಯಾಣ, ಬೀದರ್‌ನ ಕೋಟೆ, ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಎಲ್ಲವೂ ಹತ್ತಿರದಲ್ಲಿಯೇ ಇವೆ. 2017ರಿಂದ ಕಲಬುರಗಿಗೂ ಬೀದರ್‌ಗೂ ನೇರ ರೈಲು ಮಾರ್ಗವಿದೆ. ಸ್ಪಿತಿಯಂಥ ದೂರದ ಊರಿಗೆ ಈ ಹೊತ್ತಿನಲ್ಲಿ ಒಬ್ಬನೇ ಹೋಗುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿನ ಕಾಜಾ ಪಟ್ಟಣವೇ ಸುಮಾರು 3,600 ಮೀಟರ್ ಎತ್ತರದಲ್ಲಿದೆ, ಒಳಗಿನ ಹಳ್ಳಿಗಳಲ್ಲಿ ಫೋನ್ ಸಂಪರ್ಕ ತಪ್ಪುತ್ತದೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ ಮಗನ ಫೋನ್ ಎರಡು ದಿನ ಹತ್ತದಿದ್ದರೆ ಏನಾಗುತ್ತದೆಂದು ಯೋಚಿಸಿ.

ಉತ್ತರ 2ರ ಶಿಕ್ಷಕಿಯಿಂದ ಮತ್ತೆ:

ಫೋನಿನ ಬಗ್ಗೆ ಹಿರಿಯರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತಂದೆಯೊಂದಿಗೆ ಗಾಣಗಾಪುರಕ್ಕೆ ಹೋಗುವುದು ತಂದೆಗಾಗಿ ಮಾಡುವ ಪ್ರಯಾಣ, ಅದನ್ನು ಖಂಡಿತ ಮಾಡಲಿ. ಅದು ಈ ಹುಡುಗ ಕೇಳುತ್ತಿರುವುದರ ಬದಲಿಗೆ ಬರಲಾರದು. ಮಗನ ಕೈಯಿಂದ ಮಾತ್ರ ಉಣ್ಣುವ ತಂದೆ ಮಗನ ಜೊತೆಯಲ್ಲಿಯೇ ಊರೂರು ತಿರುಗಿದರೆ ಅವಲಂಬನೆ ಇನ್ನಷ್ಟು ಗಟ್ಟಿಯಾಗುತ್ತದೆ. ಅವರ ದಿನವು ಮಗನಿಲ್ಲದೆಯೂ ನಡೆಯುವಂತಾಗಬೇಕು: ಬೆಳಿಗ್ಗೆ ಕಲಬುರಗಿಯ ‘ಅಪ್ಪನ ಕೆರೆ’ಯ ದಂಡೆಯ ಮೇಲೆ ಒಬ್ಬ ಗೆಳೆಯನ ಜೊತೆ ನಡಿಗೆ, ವಾರದಲ್ಲಿ ಒಂದೆರಡು ದಿನ ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಕೈಲಾದ ಸೇವೆ, ಆಮೇಲೆ ಅರ್ಧ ದಿನದ ಕೆಲಸ. ಕಲ್ಲಿನ ಗುಣವನ್ನು ಕಣ್ಣಳತೆಯಲ್ಲಿಯೇ ಹೇಳಬಲ್ಲ ಅನುಭವಿಗಳಿಗೆ ಕಲ್ಲಿನ ವ್ಯಾಪಾರಿಗಳಲ್ಲಿ ಇಂದಿಗೂ ಬೆಲೆಯಿದೆ. ಪೂರ್ಣಾವಧಿಯ ನೌಕರಿಗೆ ಈಗಲೇ ನೂಕಬೇಡಿ.

ಹಾಗೆಯೇ ಮೊದಲು ಸಾಂಚಿಗೆ ಹೋಗಿ. ಕಲಬುರಗಿಯಲ್ಲಿ ನಿಲ್ಲುವ ಕರ್ನಾಟಕ ಎಕ್ಸ್‌ಪ್ರೆಸ್ ಭೋಪಾಲ್ ಮೂಲಕವೇ ದೆಹಲಿಗೆ ಹೋಗುತ್ತದೆ, ಭೋಪಾಲಿನಿಂದ ಸಾಂಚಿ ಸುಮಾರು 50 ಕಿಲೋಮೀಟರ್. ಕೆಲವೇ ದಿನಗಳ ಪ್ರಯಾಣ, ಫೋನ್ ಸಂಪರ್ಕವೂ ಇರುತ್ತದೆ. ನೀವಿಲ್ಲದ ದಿನಗಳಲ್ಲಿ ಅವರು ಹೇಗಿದ್ದರು ಎಂಬುದನ್ನು ನೋಡಿ ಸ್ಪಿತಿಯ ನಿರ್ಧಾರ ಮಾಡಿ.

ಪ್ರಶ್ನೆ ಕೇಳಿದವರ ಮಾತು:

ಎಲ್ಲರಿಗೂ ನನ್ನ ನಮಸ್ಕಾರಗಳು. ಅವ್ವನ ಪಾಸ್‌ಬುಕ್ಕಿನಲ್ಲಿ 436 ರೂಪಾಯಿಯ ಕಡಿತ ಇದ್ದೇ ಇದೆ. ಅವಳ ಹೆಸರು ಕೊನೆಯವರೆಗೂ ಹಾಜರಿ ಪಟ್ಟಿಯಲ್ಲಿತ್ತೆಂದು ಶಾಲೆಯವರು ಬರೆದುಕೊಡಲು ಒಪ್ಪಿದ್ದಾರೆ. ಆ ಪತ್ರವನ್ನು ತಾವೇ ಹೋಗಿ ತರುವುದಾಗಿ ತಂದೆಯವರು ಹೇಳಿದರು, ನಾನು ಒತ್ತಾಯಿಸಲಿಲ್ಲ. 14416ಕ್ಕೆ ಕರೆ ಮಾಡಿದೆ. ಅಲ್ಲಿ ಮಾತನಾಡಿದವರು ತಂದೆಯವರನ್ನು ಮನೋವೈದ್ಯರಿಗೆ ತೋರಿಸಲು ಹೇಳಿರುವುದರಿಂದ ಜಿಲ್ಲಾ ಆಸ್ಪತ್ರೆಗೆ ಹೋಗಲಿದ್ದೇವೆ.

ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರತೊಡಗಿದರೆ ಮಿಲ್ಲಿನಲ್ಲಿ ರಜೆ ಸಿಗುವುದಿಲ್ಲ. ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಸಾಂಚಿಗೆ ಹೋಗಿಬರುವ ಯೋಚನೆ ಇದೆ. ಆಳಂದದಲ್ಲಿರುವ ಅತ್ತೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿರಲು ಒಪ್ಪಿದ್ದಾರೆ. ಸ್ಪಿತಿಯ ವಿಷಯವನ್ನು ತಂದೆಯವರಿಗೆ ಇನ್ನೂ ಹೇಳಿಲ್ಲ. ವೈದ್ಯರನ್ನು ಕಂಡ ಮೇಲೆ, ಅವರ ಸಲಹೆ ಕೇಳಿ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಉತ್ತರ 1 ಬರೆದವರಿಂದ:

ಶಾಲೆಯ ಪತ್ರದ ಮೇಲೆ ಮೊಹರು ಮತ್ತು ತಾಯಿಯವರ ಯುಎಎನ್ (ಪಿಎಫ್ ಸದಸ್ಯರ ಗುರುತಿನ) ಸಂಖ್ಯೆ ಇರಲೇಬೇಕು. ಮರಣ ಪ್ರಮಾಣಪತ್ರದಲ್ಲಿಯೂ ಪಿಎಫ್ ದಾಖಲೆಯಲ್ಲಿಯೂ ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅರ್ಜಿಗಳು ಹಿಂದಿರುಗುವುದು ಹೆಚ್ಚಾಗಿ ಅಲ್ಲಿಯೇ.