ಅಮೆರಿಕ ಅಧ್ಯಕ್ಷ ಚುನಾವಣೆ: ರಾಷ್ಟ್ರಮಟ್ಟದ ಸಮೀಕ್ಷೆಯಿಂದ ಏನುಪಯೋಗ?

ಪ್ರಶ್ನೆ: ರಾಜ್ಯವಾರು ಹಂಚಿದ 538 ಎಲೆಕ್ಟೋರಲ್ ಮತಗಳಲ್ಲಿ (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತ) 270 ಪಡೆದವರೇ ಗೆಲ್ಲೋದು. ಹಾಗಿದ್ದಮೇಲೆ ಇಡೀ ದೇಶದ ಸಮೀಕ್ಷೆ ಯಾಕೆ ಬೇಕು? 2016ರಲ್ಲಿ ಅದು ಸುಳ್ಳಾಯಿತಲ್ಲ?

ಉತ್ತರ: ಸುಳ್ಳಾಗಿದ್ದು ಅದಲ್ಲ. ರಾಷ್ಟ್ರಮಟ್ಟದ ಸಮೀಕ್ಷೆಗಳ ಸರಾಸರಿ ಟ್ರಂಪ್ ಎದುರು ಹಿಲರಿ ಕ್ಲಿಂಟನ್‌ಗೆ ದೇಶದ ಒಟ್ಟು ಮತದಲ್ಲಿ ಶೇ. 3ರ ಆಸುಪಾಸಿನ ಮುನ್ನಡೆ ತೋರಿಸಿತ್ತು, ಸಿಕ್ಕಿದ್ದು 2.1. ಎಡವಿದ್ದು ರಾಜ್ಯಗಳ ಸಮೀಕ್ಷೆ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಸುಮಾರು 78 ಸಾವಿರ ಮತಗಳಲ್ಲಿ ಕ್ಲಿಂಟನ್ ಕೈತಪ್ಪಿ, ಟ್ರಂಪ್ ಗೆದ್ದರು. ಪದವೀಧರರು ಸಮೀಕ್ಷೆಯವರಿಗೆ ಹೆಚ್ಚಾಗಿ ಉತ್ತರಿಸುತ್ತಾರೆ, ಅವರಲ್ಲಿ ಕ್ಲಿಂಟನ್ ಪರ ಇದ್ದವರೇ ಹೆಚ್ಚು. ಅನೇಕ ರಾಜ್ಯ ಸಮೀಕ್ಷೆಗಳು ಶಿಕ್ಷಣಕ್ಕೆ ತಕ್ಕಂತೆ ಲೆಕ್ಕ ಸರಿದೂಗಿಸಲೇ ಇಲ್ಲ.

ಇನ್ನೊಂದು ಉತ್ತರ: ಅಷ್ಟಕ್ಕೇ ನಂಬಿಬಿಡಬೇಡಿ. 2020ರಲ್ಲಿ ರಾಷ್ಟ್ರಮಟ್ಟದ ಸರಾಸರಿ ಬೈಡನ್‌ಗೆ ಶೇ. 8ರಷ್ಟು ಮುನ್ನಡೆ ಕೊಟ್ಟಿತ್ತು, ಬಂದಿದ್ದು 4.5. ನಿರ್ಣಾಯಕ ವಿಸ್ಕಾನ್ಸಿನ್‌ನಲ್ಲಂತೂ ಬರೀ 0.6!

ಪ್ರಶ್ನೆ ಕೇಳಿದವರು: ಹಾಗಾದರೆ ದೇಶದ ಅಂಕಿಯಿಂದ 4 ಕಳೆದರೆ ಸಾಕೇ?

ಉತ್ತರ: ಸಾಲದು, ದೇಶದ ಮುನ್ನಡೆಗೂ ನಿರ್ಣಾಯಕ ರಾಜ್ಯದ ಮುನ್ನಡೆಗೂ ಇರುವ ಆ ಅಂತರ (2020ರಲ್ಲಿ 4.5ಕ್ಕೂ 0.6ಕ್ಕೂ ಇದ್ದದ್ದು) ಪ್ರತಿ ಸಲ ಬದಲಾಗುತ್ತೆ. 2024ರಲ್ಲಿ ಟ್ರಂಪ್ ದೇಶದಲ್ಲಿ 1.5, ನಿರ್ಣಾಯಕ ಪೆನ್ಸಿಲ್ವೇನಿಯಾದಲ್ಲಿ 1.7ರಿಂದ ಗೆದ್ದರು, ಅಂತರವೇ ಇಲ್ಲ ಅನ್ನಿ. ಇನ್ನೊಂದು: ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪಿನ ಮಿತಿ ±3 ಅನ್ನೋದು ಒಬ್ಬ ಅಭ್ಯರ್ಥಿಯ ಪಾಲಿಗೆ. ಇಬ್ಬರ ನಡುವಿನ ಮುನ್ನಡೆಗೆ ಅದು ಹತ್ತಿರಹತ್ತಿರ ಎರಡರಷ್ಟು. ಅದಕ್ಕೇ ಗಾಳಿ ಯಾವ ಕಡೆ ತಿರುಗುತ್ತಿದೆ ಅಂತ ತಿಳಿಯಲು ಒಂದೇ ಸಂಸ್ಥೆಯ ಹಿಂದಿನ ಸಮೀಕ್ಷೆಯ ಜೊತೆ ಹೋಲಿಸಿ.